ಗೋಡೆಯಾಚೆ ವಿಜ್ಞಾನ, ಈಚೆ ಬ್ಯೂಟಿಷಿಯನ್ ಕೋರ್ಸು

ಮೇ ತಿಂಗಳು ಬಂತೆಂದರೆ ಪತ್ರಿಕೆಗಳಿಗೆ ಸುಗ್ಗಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದೆಯೇ 'ಮುಂದೇನು?' ಎಂಬ ಪುರವಣಿ ಬರುತ್ತದೆ. ಮೇಲೆ ನಗುವ ಹುಡುಗಿಯ ಫೋಟೋ, ಒಳಗೆ ಪುಟ ಪುಟಕ್ಕೂ ಕೋಚಿಂಗ್ ಜಾಹೀರಾತು, ನಡುವೆ ಸಿಕ್ಕ ಜಾಗದಲ್ಲಿ ತಜ್ಞರೊಬ್ಬರ ಉಪದೇಶ: ನಿಮ್ಮ ಆಸಕ್ತಿಯನ್ನು ಗುರುತಿಸಿಕೊಳ್ಳಿ, ಮನಸ್ಸಿಗೆ ಒಪ್ಪಿದ್ದನ್ನು ಆರಿಸಿಕೊಳ್ಳಿ, ಪೋಷಕರು ಒತ್ತಡ ಹಾಕಬೇಡಿ. ನಮ್ಮ ಕೊಡಿಗೇಹಳ್ಳಿ ಮುಖ್ಯರಸ್ತೆಯ ಹೂವಿನಂಗಡಿಯಲ್ಲಿ ಅದೇ ಪುರವಣಿಯಲ್ಲಿ ಸೇವಂತಿಗೆ ಕಟ್ಟಿ ಕೊಡುತ್ತಾರೆ. ಅದರಿಂದ ಈ ಏರಿಯಾದ ಬಡವರಿಗೆ ಸಿಕ್ಕಿರುವ ಉಪಯೋಗ ಅಷ್ಟೇ.

ಆರಿಸಿಕೊಳ್ಳಿ ಎನ್ನುವವರಿಗೆ ನಾಚಿಕೆಯಾಗಬೇಕು. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇಕಡಾ 91 ಪಾಸು, ಕಲಬುರಗಿ ಶೇಕಡಾ 42. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ. ಕಲಬುರಗಿಯ ಅರ್ಧಕ್ಕೂ ಹೆಚ್ಚು ಮಕ್ಕಳ ಮುಂದೆ ನಿಂತು ಆಸಕ್ತಿ ಗುರುತಿಸಿಕೊಳ್ಳಿ ಎಂದು ಹೇಳುವ ಧೈರ್ಯ ಯಾವ ತಜ್ಞನಿಗಿದೆ? ಕಲಬುರಗಿ ದೂರ ಎನ್ನುವಿರಾದರೆ ಬೇಡ ಬಿಡಿ, ರಾಜಧಾನಿಯ ಒಳಗೇ ನಿಂತು ಮಾತಾಡೋಣ.

ಕೊಡಿಗೇಹಳ್ಳಿಯ ಹುಡುಗನೊಬ್ಬ ಸೈಕಲ್ ಹತ್ತಿದರೆ ಬೆವರು ಬರುವ ಮುಂಚೆ ಬಳ್ಳಾರಿ ರಸ್ತೆಯ ಜಿಕೆವಿಕೆ ಗೋಡೆ ಸಿಗುತ್ತದೆ. ಒಳಗೆ ಕೃಷಿ ವಿಶ್ವವಿದ್ಯಾಲಯ. ಅದೇ ಆವರಣದಲ್ಲಿ ಒಬೈದ್ ಸಿದ್ದಿಕಿ ಕಟ್ಟಿ ಬೆಳೆಸಿದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್. ಹಣ್ಣಿನ ನೊಣ ವಾಸನೆಯನ್ನು ಹೇಗೆ ಗ್ರಹಿಸುತ್ತದೆ ಎಂದು ಜಗತ್ತಿಗೆ ತೋರಿಸಿದ ವಿಜ್ಞಾನಿ ಆತ. ರಸ್ತೆ ದಾಟಿ ಜಕ್ಕೂರಿಗೆ ಹೋದರೆ ಸಿ.ಎನ್.ಆರ್. ರಾವ್ 1989ರಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಯಶವಂತಪುರದ ಮಗ್ಗುಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟು, ಜಾಲಹಳ್ಳಿಯಲ್ಲಿ ಬಿಇಎಲ್, ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ. ಇಷ್ಟು ವಿಜ್ಞಾನ, ಇಷ್ಟು ಯಂತ್ರವಿದ್ಯೆ ಒಂದೇ ದಿಕ್ಕಿನಲ್ಲಿ ಗುಡ್ಡೆ ಬಿದ್ದಿರುವ ಊರು ಈ ದೇಶದಲ್ಲಿ ಎಷ್ಟಿವೆ? ಎಲ್ಲವೂ ಸರ್ಕಾರದ ದುಡ್ಡು, ಅಂದರೆ ನಮ್ಮ ದುಡ್ಡು. ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ಜನರ ದುಡ್ಡು.

ಆ ಗೇಟುಗಳ ಒಳಗೆ ನಮ್ಮ ಕಡೆಯವರು ದಿನವೂ ಹೋಗುತ್ತಾರೆ. ತೋಟದ ಕೆಲಸಕ್ಕೆ, ಕಸ ಗುಡಿಸುವುದಕ್ಕೆ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವುದಕ್ಕೆ, ಸೆಕ್ಯುರಿಟಿ ಪಾಳಿಗೆ. ಅವರ ಮಕ್ಕಳಿಗೆ ಗೇಟು ತೆರೆಯುವುದು ನವೆಂಬರಿನ ಕೃಷಿಮೇಳಕ್ಕೆ, ಇಲ್ಲವೇ ವರ್ಷಕ್ಕೊಮ್ಮೆ ಬರುವ ಓಪನ್ ಡೇಗೆ. ಆ ದಿನ ನೂಕುನುಗ್ಗಲಿನಲ್ಲಿ ಸೂಕ್ಷ್ಮದರ್ಶಕಕ್ಕೆ ಒಂದು ಕ್ಷಣ ಕಣ್ಣಿಟ್ಟು, ಒಂದು ಕರಪತ್ರ ಹಿಡಿದು ಆಚೆ ಬರಬೇಕು. ಇದಕ್ಕೆ ಅವರು ಕೊಟ್ಟಿರುವ ಹೆಸರು ಔಟ್‌ರೀಚ್. ಕೈಚಾಚಿದ್ದು ಯಾರು, ಅವರ ಕೈಗೆ ಸಿಕ್ಕಿದ್ದೇನು ಎಂದು ಯಾರೂ ಕೇಳುವುದಿಲ್ಲ.

ಅದೇ ಬಳ್ಳಾರಿ ರಸ್ತೆಯಲ್ಲಿ ಇನ್ನಷ್ಟು ಉತ್ತರಕ್ಕೆ ಹೋಗಿ. ವಿಮಾನ ನಿಲ್ದಾಣದ ಕಡೆ ಅಂತರರಾಷ್ಟ್ರೀಯ ಶಾಲೆಗಳಿವೆ. ಶುಲ್ಕ ಲಕ್ಷಗಳ ಲೆಕ್ಕದಲ್ಲಿ. ಅಲ್ಲಿ ಹದಿನಾರು-ಹದಿನೇಳರ ಮಕ್ಕಳು ಐಬಿ ಡಿಪ್ಲೊಮಾ ಓದುತ್ತಾರೆ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ವ್ಯವಸ್ಥೆ ಅದು. ಆರು ವಿಷಯಗಳ ಜೊತೆಗೆ ಪ್ರತಿಯೊಬ್ಬರೂ ತಾವೇ ಆರಿಸಿಕೊಂಡ ಪ್ರಶ್ನೆಯ ಮೇಲೆ ನಾಲ್ಕು ಸಾವಿರ ಪದಗಳವರೆಗಿನ ಸಂಶೋಧನಾ ಪ್ರಬಂಧ ಬರೆಯಬೇಕು. ನಮಗೆ ಗೊತ್ತಿರುವುದು ನಿಜವೆಂದು ನಮಗೆ ಹೇಗೆ ಗೊತ್ತು ಎಂಬುದೇ ಒಂದು ಪಾಠ. ಇದನ್ನು ನಾನು ಹಂಗಿಸುತ್ತಿಲ್ಲ. ಶಿಕ್ಷಣ ಇರಬೇಕಾದದ್ದೇ ಹಾಗೆ. ಅದು ಹುಟ್ಟಿನಿಂದಲೇ ಬುಕ್ ಆದ ಸೀಟಾಗಿರುವುದು ನನ್ನ ಸಿಟ್ಟು. ಪ್ರಬಂಧಕ್ಕೆ ಲ್ಯಾಬು ಬೇಕಾದರೆ ಅಪ್ಪನ ಒಂದು ಇಮೇಲು, ಅಮ್ಮನ ಗೆಳತಿಯ ಒಂದು ಫೋನು. ನಮ್ಮ ಗೇಟು ಕಾಯುವವನ ಮಗಳಿಗೆ ತೆರೆಯದ ಲ್ಯಾಬು ಇವರಿಗೆ ಬೇಸಿಗೆ ರಜೆಯ ಇಂಟರ್ನ್‌ಶಿಪ್ ಆಗುತ್ತದೆ.

ಇನ್ನೊಂದು ತಮಾಷೆ ಕೇಳಿ. ಆ ಡಿಪ್ಲೊಮಾದಲ್ಲಿ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಕಡ್ಡಾಯ ಭಾಗವಿದೆ. ಈ ಸೇವೆ ಎಂಬುದನ್ನು ಮಾಡಲು ಅಂಥ ಮಕ್ಕಳು ಎಸಿ ಬಸ್ಸಿನಲ್ಲಿ ಸರ್ಕಾರಿ ಶಾಲೆಗೆ ಬರುತ್ತಾರೆ. ಗೋಡೆಗೆ ಬಣ್ಣ ಬಳಿಯುತ್ತಾರೆ, ಚಿಟ್ಟೆ ಬಿಡಿಸುತ್ತಾರೆ, ನಮ್ಮ ಮಕ್ಕಳ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋ ಅಮೆರಿಕದ ಕಾಲೇಜಿನ ಅರ್ಜಿಗೆ ಅಂಟಿಕೊಳ್ಳುತ್ತದೆ. ಒಂದು ಮಗುವಿನ ಬಡತನ ಇನ್ನೊಂದು ಮಗುವಿನ ಅರ್ಹತಾಪತ್ರ! ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ, ಅವರೂ ಯಾರೋ ಹೇಳಿಕೊಟ್ಟಂತೆ ಕುಣಿಯುವವರು. ಬಣ್ಣ ಬಳಿಸಿಕೊಂಡು ಕೃತಜ್ಞತೆಯ ಭಾಷಣ ಮಾಡುವ ನಮ್ಮ ಅಧಿಕಾರಿಗಳನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಅಮೆರಿಕದ ಎಪಿ ಪರೀಕ್ಷೆಗಳೂ ಇಲ್ಲಿಗೆ ಬಂದಿವೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಕಲನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಓದಿ ಪರೀಕ್ಷೆ ಕೊಟ್ಟರೆ ಮುಂದೆ ಕಾಲೇಜಿನಲ್ಲಿ ಅದರ ಲಾಭ ಸಿಗುತ್ತದೆ. ಒಂದು ಪರೀಕ್ಷೆಗೆ ನೂರು ಡಾಲರಿಗೂ ಮೇಲೆ ಶುಲ್ಕ. ನಮ್ಮ ಸರ್ಕಾರಿ ಶಾಲೆಯ ಹುಡುಗಿ ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು, ಅಪ್ಪನ ವರಮಾನ ಮೂರೂವರೆ ಲಕ್ಷ ಮೀರಿಲ್ಲವೆಂದು ನಾಡಕಚೇರಿಯಿಂದ ಪತ್ರ ತಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ, ಅದು ಜೋಡಣೆಯಾಗಲಿಲ್ಲವೆಂದು ಮತ್ತೆ ಅಲೆದು ಪಡೆಯುವುದು ವರ್ಷಕ್ಕೆ 12,000 ರೂಪಾಯಿ. ಅವಳ ಇಡೀ ವರ್ಷದ ಪ್ರತಿಭೆಯ ಬೆಲೆ ಅವರ ಒಂದು ಪರೀಕ್ಷೆಯ ಶುಲ್ಕದ ಆಸುಪಾಸು.

ಕಾನೂನೇ ಹೀಗಿದೆ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗೆ ಮಾತ್ರ. ಎಂಟನೇ ತರಗತಿ ಮುಗಿದ ದಿನ ಹಕ್ಕು ಮುಗಿಯಿತು. ಅಲ್ಲಿಂದಾಚೆಗೆ ಓದುವುದು ಮಗುವಿನ ಅದೃಷ್ಟ, ಸರ್ಕಾರದ ಔದಾರ್ಯ. ಸರಿಯಾಗಿ ಯಾವ ವಯಸ್ಸಿನಲ್ಲಿ ದಾರಿಗಳು ಕವಲೊಡೆಯುತ್ತವೋ ಆ ವಯಸ್ಸಿನಲ್ಲೇ ಪ್ರಭುತ್ವ ಕೈತೊಳೆದುಕೊಂಡಿದೆ.

ಇದ್ದ ಒಂದೆರಡು ದಾರಿಗಳಾದರೂ ಉಳಿದವೇ? 1963ರಿಂದ ನಡೆದು ಬಂದಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ, ಅದೇ ಎನ್‌ಟಿಎಸ್‌ಇ, 2021ರ ನಂತರ ನಿಂತುಹೋಯಿತು. ಹತ್ತನೇ ತರಗತಿಯ ಮಗು ರಾಜ್ಯ ಮಟ್ಟ ಗೆದ್ದು, ರಾಷ್ಟ್ರ ಮಟ್ಟ ಗೆದ್ದರೆ ಪಿಯುಸಿಯಲ್ಲಿ ತಿಂಗಳಿಗೆ 1,250 ರೂಪಾಯಿ ಕೊಡುತ್ತಿದ್ದರು. ಇಷ್ಟು ದೊಡ್ಡ ದೇಶಕ್ಕೆ ಅದೂ ಭಾರವಾಯಿತು. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ನಡೆಸುತ್ತಿದ್ದುದು ನಮ್ಮದೇ ಟಾಟಾ ಇನ್‌ಸ್ಟಿಟ್ಯೂಟು. ಪಿಯುಸಿ ಮಕ್ಕಳನ್ನು ಹುಡುಕಿ, ಮೂಲವಿಜ್ಞಾನ ಓದುವುದಾದರೆ ತಿಂಗಳಿಗೆ ಐದು ಸಾವಿರ ಕೊಟ್ಟು, ವಿಜ್ಞಾನಿಗಳ ಸಂಗಡ ಬೆರೆಸುವ ಯೋಜನೆ. 2022ರಲ್ಲಿ ಅದನ್ನೂ ಇನ್ನೊಂದು ಯೋಜನೆಯೊಳಗೆ ಕರಗಿಸಿ ಮುಗಿಸಿದರು. ಅದಕ್ಕಾಗಿ ನಾನು ಕಣ್ಣೀರು ಹಾಕಲಾರೆ. ಅದರ ಪ್ರಶ್ನೆಪತ್ರಿಕೆ ಬರುತ್ತಿದ್ದುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಬೆಂಗಳೂರಿನ ನೆಲದಲ್ಲಿ ಕೂತು, ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಕೂತು ನಡೆಸಿದ ಪರೀಕ್ಷೆಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಐಐಟಿಗೆ ಹೋಗುವ ಜೆಇಇ ಅಡ್ವಾನ್ಸ್‌ಡ್ ಇವತ್ತಿಗೂ ಇಂಗ್ಲಿಷ್, ಹಿಂದಿ ಎರಡರಲ್ಲೇ. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆಯಲ್ಲ ಎನ್ನುತ್ತಾರೆ. ಅಂದರೆ ಹೊಸ್ತಿಲವರೆಗೆ ಕನ್ನಡದಲ್ಲಿ ಬರಬಹುದು, ಒಳಗೆ ಬರುವಾಗ ಚಪ್ಪಲಿಯ ಜೊತೆ ಭಾಷೆಯನ್ನೂ ಬಿಟ್ಟು ಬರಬೇಕು.

ಪಿಯುಸಿ ಸೈನ್ಸ್ ಎಂದರೆ ಇಂಗ್ಲಿಷ್ ಎಂದು ಯಾವ ಸಂವಿಧಾನ ಹೇಳಿತೋ ಗೊತ್ತಿಲ್ಲ. ಏಪ್ರಿಲಿನವರೆಗೆ ದ್ಯುತಿಸಂಶ್ಲೇಷಣೆ, ಗುರುತ್ವಾಕರ್ಷಣೆ ಎಂದು ಓದಿ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗಿ ಜೂನಿನಲ್ಲಿ ಏಕಾಏಕಿ ದಡ್ಡಿಯಾಗುತ್ತಾಳೆ. ಕ್ಲಾಸಿನಲ್ಲಿ ಅನುಮಾನ ಕೇಳುವ ಬಾಯಿ ಮುಚ್ಚಿಹೋಗುತ್ತದೆ. ದಸರೆ ಹೊತ್ತಿಗೆ ಆರ್ಟ್ಸಿಗೋ ಕಾಮರ್ಸಿಗೋ ಬದಲಾಯಿಸಿಕೊಂಡಿರುತ್ತಾಳೆ. ಅದನ್ನೂ ಪುರವಣಿಯ ತಜ್ಞರು ಆಸಕ್ತಿ ಎಂದೇ ಬರೆದುಕೊಳ್ಳುತ್ತಾರೆ.

ಮೀಸಲಾತಿ ಇದೆಯಲ್ಲ ಎಂದು ಗೊಣಗುವವರಿಗೂ ಒಂದು ಮಾತು. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸೀಟು ಇವೆ. ಆದರೆ 2007ರಲ್ಲಿ ಬ್ಯಾಟರಾಯನಪುರ ನಗರಸಭೆಯನ್ನು ಬಿಬಿಎಂಪಿ ನುಂಗಿತು, ಕೊಡಿಗೇಹಳ್ಳಿ ಒಂದು ವಾರ್ಡಾಯಿತು. ರಾಗಿ ಹೊಲ ಲೇಔಟಾಯಿತು, ಸೈಟು ಮಾರಿದವನು ಬಾಡಿಗೆ ಮನೆಗೆ ಬಂದ. ಅವನ ಮಗುವಿಗೆ ಗ್ರಾಮೀಣ ಕೋಟಾ ಇಲ್ಲ, ಯಾಕೆಂದರೆ ದಾಖಲೆಯಲ್ಲಿ ಅದು ನಗರದ ಮಗು. ನಗರದ ಮಗುವಿಗೆ ಸಿಗುವ ಇನ್ಯಾವುದೂ ಅದಕ್ಕೆ ಸಿಕ್ಕಿಲ್ಲ. ತಮಿಳುನಾಡು 2020ರಲ್ಲೇ ಕಾನೂನು ಮಾಡಿ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯ ಸೀಟಿನಲ್ಲಿ ಶೇಕಡಾ 7.5 ತೆಗೆದಿಟ್ಟಿತು. ಕೂಲಿಯವರ, ಕುರಿ ಕಾಯುವವರ ಮಕ್ಕಳು ಬಿಳಿ ಕೋಟು ಹಾಕಿದರು. ನಮ್ಮ ವಿಧಾನಮಂಡಲ 2024ರ ಜುಲೈನಲ್ಲಿ ನೀಟ್ ಬೇಡವೆಂದು ಒಂದು ನಿರ್ಣಯ ಮಾಡಿ, ಕಾಫಿ ಕುಡಿದು ಎದ್ದುಹೋಯಿತು.

ಸರಿ, ಹಾಗಾದರೆ ಸರ್ಕಾರಿ ಹೈಸ್ಕೂಲಿನಲ್ಲಿ ವಿಶೇಷವಾಗಿ ಕಲಿಸುವುದೇನು? ಒಂಬತ್ತನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ ಎಂಬ ಕೌಶಲ ಚೌಕಟ್ಟಿನ ವೃತ್ತಿ ವಿಷಯಗಳಿವೆ. ಎಲ್ಲ ಶಾಲೆಗಳಲ್ಲೂ ಇಲ್ಲ, ಆಯ್ದ ಕೆಲವಲ್ಲಿ. ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನವೇ ಇವುಗಳ ಪರೀಕ್ಷೆ. ಹಿಂದಿಯ ಬದಲು ಹುಬ್ಬು ತೀಡುವುದನ್ನೋ ಟೈರು ಬಿಚ್ಚುವುದನ್ನೋ ಕಲಿಯಬಹುದು. ಹಿಂದಿಯಿಂದ ತಪ್ಪಿಸಿಕೊಂಡರಲ್ಲ ಎಂಬ ಸಣ್ಣ ಖುಷಿ ನನಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಈ ವಿಷಯಗಳು ವಿಮಾನ ನಿಲ್ದಾಣದ ರಸ್ತೆಯ ಶಾಲೆಗಳಲ್ಲಿ ಏಕಿಲ್ಲ? ಅಲ್ಲಿ ನಾಲ್ಕು ಸಾವಿರ ಪದದ ಪ್ರಬಂಧ, ಇಲ್ಲಿ ಮಾಲ್‌ನಲ್ಲಿ ಬಟ್ಟೆ ಮಡಚುವ ಪಾಠ. ಯಾರ ಮಗು ಯಾರ ತಲೆ ಬಾಚಬೇಕು ಎಂದು ಹದಿನಾಲ್ಕನೇ ವಯಸ್ಸಿಗೇ ಬರೆದಿಡುವ ಪಠ್ಯಕ್ರಮವನ್ನು ನಾನು ಕೌಶಲ ಎಂದು ಕರೆಯಲಾರೆ. ಅದು ಜಾತಿ.

ಇದು ಹೊಸತೂ ಅಲ್ಲ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಒಂದು ಯೋಜನೆ ತಂದರು: ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಬೇಕು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಪೆರಿಯಾರ್ ಅದನ್ನು ಕುಲಕಲ್ವಿ, ಅಂದರೆ ಕುಲಕಸುಬಿನ ಶಿಕ್ಷಣ, ಎಂದು ಕರೆದು ಬೀದಿಗಿಳಿದರು. ಮರುವರ್ಷ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಯೋಜನೆಯನ್ನು ಕಿತ್ತೆಸೆದರು. ಎಪ್ಪತ್ತು ವರ್ಷ ಕಳೆದ ಮೇಲೆ ಅದೇ ಮಾಲು ಇಂಗ್ಲಿಷ್ ಹೆಸರಿನ ಪೊಟ್ಟಣದಲ್ಲಿ ನಮ್ಮ ಶಾಲೆಗೆ ಬಂದಿದೆ. ನಾವು ಬೀದಿಗಿಳಿಯಲಿಲ್ಲ, ಚಪ್ಪಾಳೆ ತಟ್ಟಿ ಸ್ವಾಗತಿಸಿದೆವು.

ನನಗೆ ಕೈಕಸುಬಿನ ಮೇಲೆ ದ್ವೇಷವಿದೆ ಎಂದು ಯಾರಾದರೂ ತಿಳಿದರೆ ಅವರಿಗೆ ಉತ್ತರ ಬೆಂಗಳೂರಿನ ಚರಿತ್ರೆ ಗೊತ್ತಿಲ್ಲ. 1953ರಲ್ಲಿ ಶುರುವಾದ ಎಚ್‌ಎಂಟಿ, 1954ರ ಬಿಇಎಲ್ ನಮ್ಮ ಹಿಂದಿನ ತಲೆಮಾರಿನ ವಿಶ್ವವಿದ್ಯಾಲಯಗಳು. ಎಸ್ಸೆಸ್ಸೆಲ್ಸಿ, ಐಟಿಐ ಮಾಡಿದ ಹಳ್ಳಿ ಹುಡುಗರು ಅಪ್ರೆಂಟಿಸ್ ಆಗಿ ಒಳಹೊಕ್ಕು, ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಉಕ್ಕು ಕೆತ್ತುವುದನ್ನು ಕಲಿತರು. ಅವರಿಗೆ ಸಂಬಳವಿತ್ತು, ಯೂನಿಯನ್ ಇತ್ತು, ಕ್ವಾರ್ಟರ್ಸ್ ಇತ್ತು, ಕಾರ್ಖಾನೆಯ ಕನ್ನಡ ಸಂಘದಲ್ಲಿ ನಾಟಕ ಆಡುವಷ್ಟು ಬಿಡುವೂ ಇತ್ತು. ಅವರ ಮಕ್ಕಳು ಎಂಜಿನಿಯರುಗಳಾದರು. ವೃತ್ತಿಶಿಕ್ಷಣದ ಕೊನೆಯಲ್ಲಿ ಕಾಯಂ ಕೆಲಸವಿದ್ದರೆ ಅದಕ್ಕೆ ಘನತೆ ತಾನಾಗಿ ಬರುತ್ತದೆ. ಎಚ್‌ಎಂಟಿ ವಾಚು 2016ರಲ್ಲಿ ಮುಚ್ಚಿತು. ಈಗ ಆಟೊಮೊಬೈಲ್ ಕಲಿತ ಹುಡುಗನಿಗೆ ಕಾದಿರುವುದು ಹೆಬ್ಬಾಳದ ಶೋರೂಮಿನ ಹಿಂಬದಿಯ ವಾಟರ್ ವಾಶ್.

ಎಪ್ಪತ್ತರ ದಶಕದ ಕೊನೆಯಲ್ಲಿ ಈ ರಾಜ್ಯ ಜೆಒಸಿ ತಂದಿತ್ತು, ನೆನಪಿದೆಯೇ? ಪಿಯು ಹಂತದಲ್ಲೇ ವೃತ್ತಿ ಕೋರ್ಸು: ರೇಷ್ಮೆ, ಹೈನುಗಾರಿಕೆ, ಲ್ಯಾಬ್ ಟೆಕ್ನಿಷಿಯನ್, ಎಲೆಕ್ಟ್ರಿಕಲ್. ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದ ಎಷ್ಟೋ ಮಂದಿ ಜೆಒಸಿಯವರು. ಮೂರು ದಶಕ ಅರೆಕಾಲಿಕ ಉಪನ್ಯಾಸಕರ ಬೆವರಿನ ಮೇಲೆ ನಡೆಸಿ, ಕೊನೆಗೆ ಕೋರ್ಸನ್ನೇ ಮುಚ್ಚಿ, ಹೋರಾಡಿದ ಉಪನ್ಯಾಸಕರನ್ನು ಬೇರೆ ಬೇರೆ ಇಲಾಖೆಗಳಿಗೆ ಹಂಚಿಬಿಟ್ಟರು. ಕೋರ್ಸು ಯಾಕೆ ಸೋತಿತು ಎಂದು ಯಾರೂ ಲೆಕ್ಕ ಕೇಳಲಿಲ್ಲ. ಆಮೇಲೆ ಸುಮಾರು 4,636 ಕೋಟಿಯ ಯೋಜನೆಯಲ್ಲಿ 150 ಸರ್ಕಾರಿ ಐಟಿಐಗಳಿಗೆ ರೋಬೊಟ್ಟು, ಸಿಎನ್‌ಸಿ ಯಂತ್ರ ಬಂದವು, 2022ರ ಜೂನಿನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಯಂತ್ರ ಕೊಡುವುದು ಸುಲಭ, ಅದಕ್ಕೆ ಟೆಂಡರ್ ಇದೆ. ಆ ಯಂತ್ರ ಕಲಿತವನಿಗೆ ಪೀಣ್ಯದಲ್ಲಿ ಗುತ್ತಿಗೆಯ ಮೇಲಲ್ಲದೆ ಕಾಯಂ ಕೆಲಸ ಕೊಡಿಸುವ ಟೆಂಡರನ್ನು ಯಾರು ಕರೆಯುತ್ತಾರೆ?

ಒಳ್ಳೆಯದು ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವನಿಗೆ ಇವತ್ತಿಗೂ ಬೇಡಿಕೆಯಿದೆ. ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಹೋಗಬಹುದು. ಬಡವನ ಮಗ ಎಂಜಿನಿಯರ್ ಆಗಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಪುರವಣಿಯಲ್ಲಿ ಇದಕ್ಕೆ ಸಿಗುವುದು ಕೆಳಗಿನ ಮೂಲೆಯ ನಾಲ್ಕು ಸಾಲು. ಜಿಟಿಟಿಸಿ ಪೂರ್ತಿ ಪುಟದ ಜಾಹೀರಾತು ಕೊಡುವುದಿಲ್ಲವಲ್ಲ. ಕೊಡುವವರು ಕೋಚಿಂಗಿನವರು. ಹದಿನಾರು ತುಂಬದವರನ್ನು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿಯ ಕೆಳಗೇ ಆರನೇ ತರಗತಿಯಿಂದ ಐಐಟಿ ಫೌಂಡೇಶನ್ ಎಂಬ ಫ್ಲೆಕ್ಸು ತೂಗಾಡುತ್ತದೆ. ಮನೆಕೆಲಸ ಮಾಡುವ ಅಕ್ಕಂದಿರು ಚೀಟಿ ಎತ್ತಿ, ಓಲೆ ಅಡವಿಟ್ಟು ಆ ಫ್ಲೆಕ್ಸಿಗೆ ದುಡ್ಡು ಸುರಿಯುತ್ತಾರೆ. ಅವರ ಮಕ್ಕಳು ಕೊನೆಯ ಬ್ಯಾಚಿನಲ್ಲಿ, ಹೊಸ ಮೇಷ್ಟರ ಕೈಕೆಳಗೆ. ಮದುವೆ ಮನೆಯ ಕಡೇ ಪಂಕ್ತಿಯವರಿಗೆ ಸಾರು ನೀರಾಗಿ, ಪಾಯಸ ಮುಗಿದಿರುತ್ತದಲ್ಲ, ಹಾಗೆ.

ಒಂದೇ ಒಂದು ಪರೀಕ್ಷೆ ಮಾತ್ರ ನನಗೆ ಮೆಚ್ಚುಗೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಲ್ಲಿ ಹೋಗುವವರಿಗೆ ಪ್ರಾಯೋಗಿಕ ಪರೀಕ್ಷೆ ಮಾಡುತ್ತಾರೆ. ಬೀಜಗಳನ್ನು, ಬೆಳೆಗಳನ್ನು, ಉಪಕರಣಗಳನ್ನು ಇಟ್ಟು ಗುರುತಿಸು ಎನ್ನುತ್ತಾರೆ. ಜಿಕೆವಿಕೆಯಲ್ಲೂ ನಡೆಯುವ ಈ ಪರೀಕ್ಷೆಯಲ್ಲಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತ ಮಗುವಿಗೆ ಗೊತ್ತಿರುವುದಕ್ಕೂ ಅಂಕವಿದೆ. ಅಪ್ಪ-ಅಮ್ಮನ ದುಡಿಮೆಯಿಂದ ಬಂದ ಅರಿವನ್ನು ಅರಿವೆಂದು ಒಪ್ಪಿ ಆ ಮಗುವನ್ನು ವಿಶ್ವವಿದ್ಯಾಲಯದ ಒಳಕ್ಕೆ ಕರೆಯುವ ಪರೀಕ್ಷೆ ಇದು. ರಾಜಾಜಿಯ ಯೋಜನೆಗೂ ಇದಕ್ಕೂ ಇರುವ ಅಂತರ ಗಮನಿಸಿ: ಅದು ಅಪ್ಪನ ಕಸುಬಿಗೆ ಮಗುವನ್ನು ಕಟ್ಟಿಹಾಕುತ್ತಿತ್ತು, ಇದು ಅಪ್ಪನ ಕಸುಬನ್ನೇ ಏಣಿ ಮಾಡುತ್ತದೆ. ಹೀಗೆ ಒಂದು ಕಡೆ ಮಾಡಲು ಸಾಧ್ಯವಾದದ್ದು ಇನ್ನೊಂದು ಕಡೆ ಏಕೆ ಸಾಧ್ಯವಿಲ್ಲ? ಗ್ಯಾರೇಜಿನಲ್ಲಿ ಬೆಳೆದ ಹುಡುಗನಿಗೆ ಎಂಜಿನ್ ಬಿಚ್ಚಿ ಜೋಡಿಸಿದ್ದಕ್ಕೆ ಮೆಕ್ಯಾನಿಕಲ್ ಸೀಟಿನಲ್ಲಿ ಅಂಕ ಏಕಿಲ್ಲ? ಸೂಲಗಿತ್ತಿಯ ಮೊಮ್ಮಗಳಿಗೆ ನರ್ಸಿಂಗಿನಲ್ಲಿ?

ಗೌರಿಬಿದನೂರು ಸೀಮೆಯ ಹೊಸೂರಿನಿಂದ 1935ರಲ್ಲಿ ಒಬ್ಬ ಬಡ ಹುಡುಗ ಬಸ್ಸಿಗೆ ದುಡ್ಡಿಲ್ಲದೆ ಐವತ್ತು ಮೈಲಿಗೂ ಮೇಲೆ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಿದ. ಅಮೆರಿಕಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಆತ ಎಚ್. ನರಸಿಂಹಯ್ಯ. ಭಾಷಣಕಾರರೆಲ್ಲ ಈ ನಡಿಗೆಯ ಕಥೆ ಹೇಳಿ ಮಕ್ಕಳಿಗೆ ಛಲ ಇರಬೇಕು ಎನ್ನುತ್ತಾರೆ. ಎಚ್‌ಎನ್ ಆ ಕಥೆಯಿಂದ ಕಲಿತದ್ದು ಬೇರೆ. ಇನ್ನೊಂದು ಮಗು ಹಾಗೆ ನಡೆಯಬಾರದು ಎಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿದರು. 1962ರಿಂದ ಬೆಂಗಳೂರು ಸೈನ್ಸ್ ಫೋರಂ ನಡೆಸಿ, ವಿಜ್ಞಾನಿಗಳನ್ನು ಕರೆತಂದು ಜನರ ಮುಂದೆ ನಿಲ್ಲಿಸಿದರು. ಛಲ ಇರಬೇಕಾದದ್ದು ಕಾಲೇಜು ಕಟ್ಟುವವರಿಗೆ, ನಡೆಯುವ ಮಕ್ಕಳಿಗಲ್ಲ.

ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಹೈಸ್ಕೂಲು, ಪಿಯುಸಿ ಸೇರಿಸಿ ನಾಲ್ಕು ವರ್ಷದ ಒಂದೇ ಘಟ್ಟ ಮಾಡಿ ಎಂದಿದೆ. ಮಾಡಲಿ. ಆ ನಾಲ್ಕು ವರ್ಷದಲ್ಲಿ ಹಕ್ಕಿನ ಕಾನೂನೂ ಇರಲಿ, ವಿಜ್ಞಾನ ಕನ್ನಡದಲ್ಲೂ ಇರಲಿ. ಆದರೆ ಆ ವರದಿ ವಿಧಾನಸೌಧದ ಮೆಟ್ಟಿಲು ಇಳಿದು ಬರುವವರೆಗೆ ಕಾಯುವಷ್ಟು ಸಹನೆ ನನಗಿಲ್ಲ.

ಜಿಕೆವಿಕೆ, ಎನ್‌ಸಿಬಿಎಸ್, ಜಕ್ಕೂರಿನ ಕೇಂದ್ರ, ಪಶುವೈದ್ಯಕೀಯ ಕಾಲೇಜು, ಬಿಇಎಲ್: ನಿಮ್ಮ ಗೋಡೆಯ ಸುತ್ತಲಿನ ಸರ್ಕಾರಿ ಹೈಸ್ಕೂಲುಗಳ ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ವರ್ಷವಿಡೀ, ವಾರಕ್ಕೊಂದು ದಿನ, ಕನ್ನಡದಲ್ಲಿ ಕಲಿಸಲು ಒಳಗೆ ಬಿಟ್ಟುಕೊಳ್ಳಿ. ಅವರು ಸಸಿಗೆ ನೀರು ಹಾಕಿ ಅಳೆಯಲಿ, ನೊಣ ಸಾಕಲಿ, ಲೇತ್ ತಿರುಗಿಸಲಿ, ಕೆಡಿಸಲಿ, ಮತ್ತೆ ಮಾಡಲಿ. ಪ್ರವೇಶ ಪರೀಕ್ಷೆ ಬೇಡ. ನಿಮ್ಮ ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ, ಅವರು ಬಾಯಿ ಬಿಡಲಿ. ಶನಿವಾರ ಸರ್ಕಾರಿ ಶಾಲೆ ಬೆಳಗಿನ ಹೊತ್ತಿಗೇ ಮುಗಿಯುತ್ತದೆ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಬಸ್ಸಿಗೆ ಟಿಕೆಟ್ಟೂ ಬೇಡ, ಹುಡುಗರು ಸೈಕಲ್ಲಿನಲ್ಲಿ ಬರುತ್ತಾರೆ. ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳುವ ಸೆಕ್ಯುರಿಟಿಯವನು ಆ ಮಕ್ಕಳಲ್ಲಿ ಒಬ್ಬರ ಅಪ್ಪನೇ ಆಗಿರಬಹುದು. ಅವನು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳಲಿ. ಉದ್ದೇಶ ಎಂಬ ಕಾಲಮ್ಮಿನಲ್ಲಿ ಕೆಲಸ ಎಂದು ಬರೆಯದೆ ಓದು ಎಂದು ಬರೆಯಲಿ.